ಲೋಗೋ ಎಲ್ಲಿ ಹಾಕೋಣ ಮೇಡಮ್?

ನವೆಂಬರ್ ಬಂತೆಂದರೆ ನಮ್ಮ ಆಫೀಸಿಗೆ ಗಿಫ್ಟಿನವರ ಸವಾರಿ ಶುರು. ಚಕ್ರದ ಸೂಟ್‌ಕೇಸು ಎಳೆದುಕೊಂಡು ಬಂದವರು ನನ್ನ ಮೇಜಿನ ಮೇಲಿನ ಫೈಲುಗಳನ್ನು ತಾವೇ ಒಂದು ಮೂಲೆಗೆ ಸರಿಸಿ, ದಸರಾ ಗೊಂಬೆ ಕೂರಿಸುವ ಶ್ರದ್ಧೆಯಿಂದ ಸ್ಯಾಂಪಲ್ಲುಗಳನ್ನು ಸಾಲಾಗಿ ಇಡುತ್ತಾರೆ. ಬಿಸಿ ಆರದ ಬಾಟಲಿ, ಬಿದಿರಿನ ಪೆನ್ ಸ್ಟ್ಯಾಂಡು, ಹೊಟ್ಟೆಯೊಳಗೆ ಪವರ್ ಬ್ಯಾಂಕು ಇಟ್ಟುಕೊಂಡ ಡೈರಿ, ಘಮಘಮ ಮೇಣದಬತ್ತಿ, ಕೆಂಪು ರಿಬ್ಬನ್ ಕಟ್ಟಿದ ಪ್ಲಮ್ ಕೇಕಿನ ಡಬ್ಬಿ. ನಾನು ಬೆಲೆ ಕೇಳುವ ಮೊದಲೇ ಅವರ ಪ್ರಶ್ನೆ ಬಂದುಬಿಡುತ್ತದೆ: "ಲೋಗೋ ಎಲ್ಲಿ ಹಾಕೋಣ ಮೇಡಮ್?"

ನಮ್ಮದು ಪೀಣ್ಯದಲ್ಲಿ ಪಂಪಿನ ಬಿಡಿಭಾಗ ಮಾಡುವ ಕಾರ್ಖಾನೆ. ಮಾಲು ಹೋಗುವುದು ಇಂಗ್ಲೆಂಡಿಗೆ, ಜರ್ಮನಿಗೆ. ಹಾಗಾಗಿ ನಮ್ಮಲ್ಲಿ ಹಬ್ಬಗಳೂ ಪಾಲಾಗಿವೆ. ಕೆಲಸಗಾರರ ಹಬ್ಬ ಆಯುಧಪೂಜೆ. ಆವತ್ತು ಲೇತಿಗೆ ಕುಂಬಳಕಾಯಿ, ಕೈಗೆ ಕಡ್ಲೆಪುರಿ, ಸ್ವೀಟ್ ಬಾಕ್ಸು, ಜೊತೆಗೆ ಒಂದು ಸ್ಟೀಲ್ ಸಾಮಾನು. ಗಿರಾಕಿಗಳ ಹಬ್ಬ ಕ್ರಿಸ್‌ಮಸ್. ಬಹಳ ಕಾಲ ಇದು ಹೀಗೇ ನೆಮ್ಮದಿಯಾಗಿ ನಡೆಯಿತು. ಆಮೇಲೆ ಯಜಮಾನರ ಮಗ ಮ್ಯಾಂಚೆಸ್ಟರಿನಲ್ಲಿ ಓದಿ ಬಂದು, ಕ್ರಿಸ್‌ಮಸ್ಸಿಗೆ ಸ್ಟಾಫಿಗೂ ಕೊಡಬೇಕು, ಅದರ ಮೇಲೆ ಕಂಪನಿಯ ಹೆಸರಿರಬೇಕು ಎಂದರು. "ಹಬ್ಬ ಯಾವುದಾದ್ರೇನು, ಕೊಟ್ರೆ ಬೇಡ ಅನ್ನೋರು ಯಾರು?" ಎಂದಿತು ಲೇತ್ ಸೆಕ್ಷನ್ನು. ಆರಿಸುವ ಕೆಲಸ ಮಾತ್ರ ನನ್ನ ತಲೆಗೆ ಬಂತು.

ಕೊಟ್ಟ ವಸ್ತುವಿನ ಮೇಲೆ ಹೆಸರು ಹಾಕುವ ಚಟ ಕಂಪನಿಗಳಿಂದ ಬಂದದ್ದು ಎಂದು ನಾನಂತೂ ನಂಬುವುದಿಲ್ಲ. ನಮ್ಮಮ್ಮ ಮದುವೆ ಉಡುಗೊರೆ ತರುತ್ತಿದ್ದುದು ತುಮಕೂರಿನ ಒಂದು ಪಾತ್ರೆ ಅಂಗಡಿಯಿಂದ. ಪಾತ್ರೆ ತೂಗಿ, ಚೌಕಾಸಿ ಮುಗಿದ ಮೇಲೆ ಬಾಗಿಲ ಪಕ್ಕ ಸ್ಟೂಲಿನ ಮೇಲೆ ಕೂತ ಹುಡುಗನ ಸರದಿ. ಪಾತ್ರೆ ಅಲ್ಲೇ ಕೊಂಡರೆ ಹೆಸರು ಬಿಟ್ಟಿ. ಅವನ ಕೈಯಲ್ಲಿ ವೈರಿಗೆ ಸಿಕ್ಕಿಸಿದ ದಪ್ಪ ಪೆನ್ನಿನಂಥ ಮಿಷನ್ನು; ಸ್ವಿಚ್ ಒತ್ತಿದರೆ ತುದಿಯ ಮೊಳೆ ಗುಂಯ್‌ಗುಟ್ಟುತ್ತ ನಡುಗುತ್ತಿತ್ತು. ಕೊಳದಪ್ಪಲೆಯನ್ನು ತೊಡೆಗೆ ಒತ್ತಿಕೊಂಡು, ಅಮ್ಮ ಕೊಟ್ಟ ಚೀಟಿಯನ್ನು ಮೊಣಕಾಲಡಿ ಇಟ್ಟುಕೊಂಡು, ಬಾಯಂಚಿನ ಕೆಳಗೆ ಚುಕ್ಕಿ ಚುಕ್ಕಿಯಾಗಿ ಅಕ್ಷರ ಕುಟ್ಟುತ್ತ ಹೋಗುತ್ತಿದ್ದ. ಅಪ್ಪನ ಹೆಸರು ಅಗಲವಾಗಿ ಶುರುವಾಗಿ, 'ಮತ್ತು ಕುಟುಂಬ' ಎಂಬಲ್ಲಿಗೆ ಬರುವಷ್ಟರಲ್ಲಿ ಜಾಗ ಸಾಲದೆ ಅಕ್ಷರಗಳು ಒಂದರ ಮೇಲೊಂದು ಹತ್ತಿ ಕೂರುತ್ತಿದ್ದವು. ಕುಟುಂಬ ಎಂದರೆ ನಾವೇ. ಅಂಥ ಪಾತ್ರೆಗಳು ನಮ್ಮ ಅಡುಗೆಮನೆಯಲ್ಲೂ ರಾಶಿ ಇದ್ದವು. ಎಷ್ಟು ತೊಳೆದರೂ ಆ ಚುಕ್ಕಿಗಳೊಳಗೆ ಸಬೀನಾ ಪುಡಿ ಬೆಳ್ಳಗೆ ಉಳಿದುಬಿಡುತ್ತಿತ್ತು. ಹಾಗಾಗಿ ಸಾರಿಗಿಂತ ಮೊದಲು ಕೊಟ್ಟವರ ಹೆಸರು ಕಣ್ಣಿಗೆ ಬೀಳುತ್ತಿತ್ತು.

ಹೆಸರು ಯಾಕೆ ಹಾಕಿಸಬೇಕು ಎಂದು ಕೇಳಿದರೆ ಅಮ್ಮ ಪ್ರೀತಿ, ನೆನಪು ಎಂದೆಲ್ಲ ಹೇಳುತ್ತಿರಲಿಲ್ಲ. "ಹಾಕಿಸದಿದ್ರೆ ಮುಂದಿನ ಮದುವೇಲಿ ಅವರು ಅದನ್ನೇ ಇನ್ನೊಬ್ಬರಿಗೆ ಕೊಡ್ತಾರೆ ಕಣೇ" ಎನ್ನುತ್ತಿದ್ದಳು. ಮಾರ್ಕೆಟಿಂಗ್ ಬಗ್ಗೆ ನಾನು ಕೇಳಿದ ಮೊದಲ ಪಾಠ ಇದು. ದೀಪಾವಳಿಯಲ್ಲಿ ಬರುವ ಹೆಸರಿಲ್ಲದ ಡ್ರೈಫ್ರೂಟ್ ಡಬ್ಬಿ ರಾಜಾಜಿನಗರದಿಂದ ಹೊರಟು ನಾಲ್ಕು ಮನೆ ಸುತ್ತಿ, ದ್ರಾಕ್ಷಿ ಇನ್ನಷ್ಟು ಒಣಗಿಸಿಕೊಂಡು ರಾಜಾಜಿನಗರಕ್ಕೇ ಬರುವುದನ್ನು ನೋಡಿದವರಿಗೆ ಅಮ್ಮನ ಮಾತು ಅರ್ಥವಾಗುತ್ತದೆ.

ಕ್ರಿಸ್‌ಮಸ್ಸಿನ ಕಡೆ ತಿರುಗಿ ನೋಡಿದರೆ, ಅಲ್ಲಿ ಮೊದಲಿಗೆ ಹೆಸರಿನ ತಂಟೆಯೇ ಇರಲಿಲ್ಲ. ಹದಿನೇಳನೆಯ ಶತಮಾನದ ಲಂಡನ್ನಿನಲ್ಲಿ ಅಂಗಡಿ ಹುಡುಗರು, ಕೆಲಸ ಕಲಿಯುವ ಹುಡುಗರು ಮಣ್ಣಿನ ಗೋಲಕ ಹಿಡಿದುಕೊಂಡು ಗಿರಾಕಿಗಳ ಹತ್ತಿರ ಕಾಸು ಎತ್ತುತ್ತಿದ್ದರು. ಹಬ್ಬಕ್ಕೆ ಅದನ್ನು ಒಡೆಯುವುದು. ಆ ಗೋಲಕವೇ ಕ್ರಿಸ್‌ಮಸ್ ಬಾಕ್ಸು. ನೌಕಾಪಡೆಯ ದೊಡ್ಡ ಅಧಿಕಾರಿ ಸ್ಯಾಮ್ಯುಯೆಲ್ ಪೀಪ್ಸ್ 1668ರ ಡಿಸೆಂಬರಿನಲ್ಲಿ, ಈ ಬಾಕ್ಸುಗಳಿಂದ ತನಗೆ ಬಹಳ ಖರ್ಚಾಯಿತೆಂದು ಡೈರಿಯಲ್ಲಿ ಗೊಣಗಿದ್ದಾನೆ. ನಮ್ಮ ಯಜಮಾನರ ಮುಖ ನೆನೆಸಿಕೊಂಡರೆ ಪೀಪ್ಸ್ ತೀರಾ ಹಳಬನೆನಿಸುವುದಿಲ್ಲ. ಡಿಸೆಂಬರ್ 26ಕ್ಕೆ ಬಾಕ್ಸಿಂಗ್ ಡೇ ಎಂಬ ಹೆಸರು ಬಂದದ್ದು ಈ ಬಾಕ್ಸಿನಿಂದಲೇ ಎನ್ನುತ್ತಾರೆ. 1871ರಲ್ಲಿ ಅದು ಇಂಗ್ಲೆಂಡಿನ ಬ್ಯಾಂಕುಗಳಿಗೆ ಕಾನೂನಿನಂತೆ ರಜೆಯೂ ಆಯಿತು.

ಅದೇ ಬ್ರಿಟಿಷರು ಇಲ್ಲಿಗೆ ಬಂದಾಗ ಕೊಡುವ ಕೈ, ಇಸಿದುಕೊಳ್ಳುವ ಕೈ ಅದಲುಬದಲಾದವು. ಉತ್ತರ ಹಿಂದೂಸ್ತಾನದಲ್ಲಿ ಡಾಲಿ ಎಂಬ ಪದ್ಧತಿಯಿತ್ತು. ಮೂಲದಲ್ಲಿ ಅದು ಮಾಲಿ ತೋಟದ ಹೂವು ತರಕಾರಿಯನ್ನು ಬುಟ್ಟಿಯಲ್ಲಿಟ್ಟು ಯಜಮಾನನ ಮುಂದೆ ಇಡುವ ರೂಢಿ. ಕ್ರಿಸ್‌ಮಸ್ ಬೆಳಿಗ್ಗೆ ಗುತ್ತಿಗೆದಾರರು, ವರ್ತಕರು, ಜಮೀನ್ದಾರರು ಸಾಹೇಬರ ಬಂಗಲೆಗೆ ಡಾಲಿ ಹೊರಿಸಿಕೊಂಡು ಬರುತ್ತಿದ್ದರು: ಹಣ್ಣು, ಒಣಹಣ್ಣು, ಮಿಠಾಯಿ, ಕೇಕು. ಹಣ್ಣಿನಡಿ ಬೇರೇನೂ ಕೂರಬಾರದೆಂದು, ಅಧಿಕಾರಿಗಳು ಹಣ್ಣು ಹೂವಿನಂಥದ್ದನ್ನು ಬಿಟ್ಟು ಬೇರೆ ಮುಟ್ಟಕೂಡದೆಂಬ ಕಟ್ಟಳೆಯೂ ಬಂತು. ಆ ಬುಟ್ಟಿಗೆ ಲೋಗೋ ಬೇಕಿರಲಿಲ್ಲ. ಕೊಟ್ಟವನೇ ಸಲಾಮು ಹೊಡೆದು ವರಾಂಡದಲ್ಲಿ ನಿಂತಿರುತ್ತಿದ್ದ.

ನನಗೆ ಬಹಳ ಇಷ್ಟವಾಗುವುದು 1843ರ ಡಿಸೆಂಬರ್. ಆ ತಿಂಗಳು ಲಂಡನ್ನಿನಲ್ಲಿ ಎರಡು ಸಂಗತಿ ನಡೆದವು. ಹೆನ್ರಿ ಕೋಲ್ ಎಂಬ ಸರ್ಕಾರಿ ಅಧಿಕಾರಿಗೆ ಹಬ್ಬಕ್ಕೆ ಬಂದ ಕಾಗದಗಳಿಗೆಲ್ಲ ಉತ್ತರ ಬರೆಯಲು ಪುರುಸೊತ್ತಿರಲಿಲ್ಲ. ಆತ ಚಿತ್ರಕಾರ ಜಾನ್ ಹಾರ್ಸ್‌ಲಿಯಿಂದ ಒಂದು ಚಿತ್ರ ಬರೆಸಿ, ಶುಭಾಶಯ ಅಚ್ಚು ಹಾಕಿಸಿ, ಯಾರಿಗೆ ಯಾರಿಂದ ಎಂದು ತುಂಬಿಸಲು ಜಾಗ ಬಿಡಿಸಿದ. ಸಾವಿರ ಪ್ರತಿ, ಮಿಕ್ಕದ್ದನ್ನು ಒಂದಕ್ಕೆ ಒಂದು ಶಿಲಿಂಗಿನಂತೆ ಮಾರಿದ್ದೂ ಆಯಿತು. ಮೊದಲ ಕ್ರಿಸ್‌ಮಸ್ ಕಾರ್ಡು ಎಂದು ಹೆಸರಾದದ್ದು ಅದೇ. ಚಿತ್ರದಲ್ಲಿ ಮನೆಮಂದಿಯೆಲ್ಲ ವೈನ್ ಕುಡಿಯುತ್ತಿದ್ದಾರೆ, ಪುಟ್ಟ ಮಗುವಿನ ಬಾಯಿಗೂ ಲೋಟ ಹಿಡಿದಿದ್ದಾರೆಂದು ಪಾನನಿರೋಧದವರು ಸಿಟ್ಟಾದರು. ಅದಿರಲಿ. ಅದೇ ಡಿಸೆಂಬರ್ 19ಕ್ಕೆ ಡಿಕನ್ಸ್‌ನ 'ಎ ಕ್ರಿಸ್‌ಮಸ್ ಕ್ಯಾರಲ್' ಹೊರಬಂತು. ಅದರ ಕೊನೆಯಲ್ಲಿ ಜುಗ್ಗ ಯಜಮಾನ ಸ್ಕ್ರೂಜ್ ಮನಸ್ಸು ಬದಲಾಯಿಸಿಕೊಂಡು, ಬೀದಿಯಲ್ಲಿ ಕಂಡ ಹುಡುಗನನ್ನು ಓಡಿಸಿ, ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಟರ್ಕಿ ಕೋಳಿ ಕೊಂಡು, ತನ್ನ ಗುಮಾಸ್ತನ ಮನೆಗೆ ಕಳಿಸುತ್ತಾನೆ. ಕಳಿಸಿದ್ದು ಯಾರೆಂದು ಅವನಿಗೆ ಗೊತ್ತಾಗಕೂಡದು ಎನ್ನುತ್ತಾನೆ.

ಯಜಮಾನನೊಬ್ಬ ನೌಕರನಿಗೆ ಕೊಟ್ಟ ಕ್ರಿಸ್‌ಮಸ್ ಉಡುಗೊರೆಗಳಲ್ಲಿ ಇದರಷ್ಟು ಪ್ರಸಿದ್ಧವಾದದ್ದು ಇನ್ನೊಂದಿಲ್ಲ. ಅದರ ಮೇಲೆ ಹೆಸರೇ ಇಲ್ಲ! ಇದನ್ನು ಮ್ಯಾಂಚೆಸ್ಟರಿನಲ್ಲಿ ಓದಿ ಬಂದ ಮಗರಾಯರಿಗೆ ಹೇಳಿದೆ. "ಹಾಗಾದ್ರೆ ಅವನಿಗೆ ಏನು ಲಾಭ ಆಯ್ತು?" ಎಂದರು.

ಲಾಭದ ದಾರಿ ತೋರಿಸಿದ್ದು ಅಮೆರಿಕ. ಒಹಾಯೋ ರಾಜ್ಯದಲ್ಲಿ ಕೊಶಾಕ್ಟನ್ ಎಂಬ ಸಣ್ಣ ಊರು. 1880ರ ದಶಕದಲ್ಲಿ ಅಲ್ಲಿ ಪತ್ರಿಕೆ ನಡೆಸುತ್ತಿದ್ದ ಜಾಸ್ಪರ್ ಮೀಕ್‌ಗೆ ಒಂದೇ ಚಿಂತೆ: ಪತ್ರಿಕೆಯ ಕೆಲಸ ಮುಗಿದ ಮೇಲೆ ಅಚ್ಚಿನ ಯಂತ್ರ ಸುಮ್ಮನೆ ನಿಲ್ಲುತ್ತದಲ್ಲ. ಆತ ಗೋಣಿಬಟ್ಟೆಯ ಸ್ಕೂಲ್ ಚೀಲಗಳ ಮೇಲೆ ಕ್ಯಾಂಟ್ವೆಲ್ ಎಂಬ ಷೂ ಅಂಗಡಿಯ ಹೆಸರು ಅಚ್ಚು ಹಾಕಿದ. ಅಂಗಡಿಯವರು ಚೀಲವನ್ನು ಮಕ್ಕಳಿಗೆ ಪುಕ್ಕಟೆ ಕೊಟ್ಟರು. ಮಕ್ಕಳು ಬೆನ್ನಿಗೆ ಹಾಕಿಕೊಂಡು ಊರೆಲ್ಲ ತಿರುಗಿದರು. ಆಮೇಲೆ ಕುದುರೆಯ ಹೊದಿಕೆಯ ಮೇಲೂ ಹೆಸರು ಬಂತು, ಬೀಸಣಿಗೆಯ ಮೇಲೂ ಬಂತು.

ಆ ಚೀಲದ ಮರಿಮಕ್ಕಳನ್ನು ನೋಡಬೇಕೆಂದರೆ ಹಾಸನದ ಬಸ್ಸು ಹತ್ತಬೇಕು. ತಲೆಯ ಮೇಲಿನ ರ‍್ಯಾಕಿನಲ್ಲಿ ಸಾಫ್ಟ್‌ವೇರ್ ಕಂಪನಿ, ಔಷಧಿ ಕಂಪನಿ, ಬ್ಯಾಂಕು, ಸಿಮೆಂಟು ಎಲ್ಲವೂ ಹೆಗಲಿಗೆ ಹೆಗಲು ತಾಗಿಸಿ ಕೂತಿರುತ್ತವೆ. ಒಮ್ಮೆ ಅಜ್ಜಿಯೊಬ್ಬರು, ಎಂದೋ ಬಾಗಿಲು ಹಾಕಿ ಹೋದ ಫೈನಾನ್ಸ್ ಕಂಪನಿಯೊಂದರ ಚೀಲದ ತುಂಬ ಮಾವಿನಕಾಯಿ ತುಂಬಿಕೊಂಡು ಬಂದಿದ್ದರು. "ಗಟ್ಟಿ ಚೀಲ ಕಣಮ್ಮ, ಜಿಪ್ಪು ನೋಡು, ಇನ್ನೂ ಹಂಗೇ ಐತೆ" ಎಂದರು. ದುಡ್ಡು ಇಟ್ಟಿದ್ದಿರಾ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಲೋಗೋ ದೊಡ್ಡದಾದಷ್ಟೂ ಉಡುಗೊರೆ ಸಣ್ಣದಾಗುತ್ತದೆ ಎಂಬುದು ನನ್ನ ಹಠ. ಸರ್ಕಾರಗಳದು ಇದಕ್ಕೆ ಉಲ್ಟಾ ಹಠ. ಇಂಗ್ಲೆಂಡಿನ ನಮ್ಮ ಗಿರಾಕಿ ಪ್ರತಿ ಡಿಸೆಂಬರಿನಲ್ಲಿ ನಮಗೊಂದು ಮಗ್ಗು ಕಳಿಸುತ್ತಾರೆ. ಅದರ ಮೇಲೆ ಅವರ ಹೆಸರು ಎಷ್ಟು ದಪ್ಪವೆಂದರೆ ಹಿಡಿಯ ಹತ್ತಿರ ಕೊನೆಯ ಅಕ್ಷರಕ್ಕೆ ಉಸಿರು ಕಟ್ಟುತ್ತದೆ. ಇದೆಂಥ ಅಭಿರುಚಿ ಎಂದು ಬಹಳ ದಿನ ಅಂದುಕೊಂಡಿದ್ದೆ. ಗುಟ್ಟು ಹೇಳಿದವರು ನಮ್ಮ ಅಕೌಂಟೆಂಟು. ಬ್ರಿಟನ್ನಿನಲ್ಲಿ ಗಿರಾಕಿಗೆ ಕೊಟ್ಟ ಉಡುಗೊರೆಯನ್ನು ತೆರಿಗೆಯ ಲೆಕ್ಕದಲ್ಲಿ ಖರ್ಚೆಂದು ತೋರಿಸಬೇಕಾದರೆ ಅದರ ಮೇಲೆ ಕಂಪನಿಯ ಜಾಹೀರಾತು ಎದ್ದು ಕಾಣಬೇಕು. ಒಬ್ಬರಿಗೆ ವರ್ಷಕ್ಕೆ 50 ಪೌಂಡ್ ಮೀರಬಾರದು. ತಿನ್ನುವ, ಕುಡಿಯುವ, ಸೇದುವ ವಸ್ತುವಾಗಿರಬಾರದು. ಅಂದರೆ ಸ್ಕ್ರೂಜನ ಟರ್ಕಿ ಗಿರಾಕಿಗೆ ಹೋಗಿದ್ದರೆ ಎರಡು ಕಡೆ ಫೇಲು: ಹೆಸರಿಲ್ಲ, ಮೇಲಾಗಿ ತಿನ್ನುವಂಥದ್ದು. ಅಮೆರಿಕದವರು 1962ರಲ್ಲಿ ಒಬ್ಬರಿಗೆ ವರ್ಷಕ್ಕೆ 25 ಡಾಲರ್ ಎಂದು ಗೆರೆ ಎಳೆದವರು ಅದನ್ನು ಆಮೇಲೆ ಮೇಲೆತ್ತಲೇ ಇಲ್ಲ. ನಾಲ್ಕು ಡಾಲರಿನೊಳಗಿನ, ಅಳಿಸಿ ಹೋಗದಂತೆ ಹೆಸರು ಹಾಕಿದ ಪೆನ್ನಿನಂಥ ಚಿಲ್ಲರೆ ಸಾಮಾನನ್ನು ಮಾತ್ರ ಆ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಮ್ಮಲ್ಲೋ, ಗಿಫ್ಟ್ ಎಂದು ಬರೆದರೆ ಕೊಳ್ಳುವಾಗ ಕಟ್ಟಿದ ಜಿಎಸ್‌ಟಿಗೆ ಕ್ರೆಡಿಟ್ ಸಿಗುವುದಿಲ್ಲ. ಆ ಶಬ್ದ ಕೇಳಿದರೇ ಅಕೌಂಟೆಂಟರ ಹುಬ್ಬು ಗಂಟಾಗುತ್ತದೆ.

ಜರ್ಮನಿಯದು ಬೇರೆಯೇ ಕಥೆ. ಅಲ್ಲಿನ ಗಿರಾಕಿಯೊಬ್ಬರಿಗೆ ಮೈಸೂರು ಸ್ಯಾಂಡಲ್ ಸೋಪಿನ ದೊಡ್ಡ ಡಬ್ಬಿ ಕಳಿಸೋಣವೆಂದು ಹಠ ಹಿಡಿದವಳು ನಾನು. ಗಿಫ್ಟಿನ ಹುಡುಗ ಆ ಡಬ್ಬಿಯ ಮೇಲೂ ನಮ್ಮ ಸ್ಟಿಕ್ಕರ್ ಹಚ್ಚಲು ಹೊರಟಿದ್ದ. ಆ ಸೋಪಿನ ಗುರುತಾದ ಶರಭ ಕೂತಿರುವ ಜಾಗದಲ್ಲಿ ನಮ್ಮ ಪಂಪೇ? ಬೇಡವೆಂದೆ. ಸೋಪು ಹೋಯಿತು, ತಿಂಗಳಾಗುವಷ್ಟರಲ್ಲಿ ಹೋದ ಹಾಗೇ ವಾಪಸ್ ಬಂತು. ನಿಮ್ಮ ವಿಶ್ವಾಸಕ್ಕೆ ಋಣಿಗಳು, ಆದರೆ ಸರಬರಾಜುದಾರರಿಂದ ಏನನ್ನೂ ಪಡೆಯಬಾರದೆಂದು ನಮ್ಮಲ್ಲಿ ನಿಯಮವಿದೆ ಎಂಬ ಕಾಗದ ಜೊತೆಗಿತ್ತು. ಬ್ರಿಟನ್ನಿನ ಲಂಚ ನಿಷೇಧ ಕಾಯ್ದೆ 2011ರ ಜುಲೈನಲ್ಲಿ ಜಾರಿಗೆ ಬಂದ ಮೇಲೆ ಇಂಥ ಕಾಗದಗಳು ಎಲ್ಲ ಕಡೆಯಿಂದಲೂ ಬರುತ್ತವೆ. ಡಾಲಿಯ ಕಾಲದ ಕಟ್ಟಳೆಯೇ ಹೊಸ ಕೋಟು ತೊಟ್ಟು ಬಂದಿದೆ. ನಮ್ಮ ಸೋಪನ್ನು ನಾವೇ ಕಸ್ಟಮ್ಸ್ ಕಟ್ಟಿ ಬಿಡಿಸಿಕೊಂಡೆವು.

ಇದರ ಸ್ವಾರಸ್ಯ ಗೊತ್ತಾಗಲು ಇನ್ನೊಂದು ಸಂಗತಿ ಹೇಳಬೇಕು. ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ಮೈಸೂರಿನ ಗಂಧದ ಮರ ಎಣ್ಣೆ ತೆಗೆಯಲು ಹೋಗುತ್ತಿದ್ದುದು ಯುರೋಪಿಗೆ, ಹೆಚ್ಚಾಗಿ ಜರ್ಮನಿಗೇ. 1914ರಲ್ಲಿ ಯುದ್ಧ ಶುರುವಾಗಿ ಹಡಗು ನಿಂತವು, ಮರ ಇಲ್ಲೇ ರಾಶಿ ಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನ ವಿಶ್ವೇಶ್ವರಯ್ಯನವರು ಎಣ್ಣೆಯನ್ನು ಇಲ್ಲೇ ತೆಗೆಸಲು ಏರ್ಪಾಡು ಮಾಡಿದರು. ಅದರ ಬೆನ್ನಿಗೆ ಬೆಂಗಳೂರಿನಲ್ಲಿ ಸೋಪು ಹುಟ್ಟಿತು. ಜರ್ಮನಿಗೆ ಹೋಗಲಾರದ ಗಂಧದಿಂದ ಹುಟ್ಟಿದ ಸೋಪು ಶತಮಾನ ಕಳೆದು ಜರ್ಮನಿಯ ಬಾಗಿಲು ತಟ್ಟಿ ಬಂತಲ್ಲ! ವಾಪಸ್ ಬಂದ ಸೋಪುಗಳನ್ನು ಪ್ಯಾಕಿಂಗ್ ಸೆಕ್ಷನ್ನಿನವರಿಗೆ ಹಂಚಿದೆ. ಆ ವರ್ಷ ಎಲ್ಲರಿಗಿಂತ ಖುಷಿಪಟ್ಟವರು ಅವರೇ.

ಈ ಸಲ ಸ್ಟಾಫಿಗೆ ಏನು ಕೊಡೋಣವೆಂದು ಅಸೆಂಬ್ಲಿಯ ಹಿರಿಯಾಕೆಯನ್ನೇ ಕೇಳಿದೆ. "ಊಟದ ಕ್ಯಾರಿಯರ್ ಕೊಡಿ ಮೇಡಮ್, ಮೂರು ಡಬ್ಬಿದು. ಆದ್ರೆ ಹೆಸರು ದೊಡ್ಡದಾಗಿ ಹಾಕಿಸ್ಬೇಡಿ. ಮಗ ಕಾಲೇಜಿಗೆ ತಗೊಂಡ್ಹೋಗಲ್ಲ" ಎಂದರು. ಸರಿ ಎಂದು ಮಾದರಿ ನೋಡಲು ಗಿಫ್ಟಿನವನ ವರ್ಕ್‌ಶಾಪಿಗೇ ಹೋದೆ. ಒಂದು ಕಡೆ ಹಳೆಯ ಸ್ಕ್ರೀನ್ ಪ್ರಿಂಟಿಂಗ್: ಚೌಕಟ್ಟಿಗೆ ಬಿಗಿದ ಬಲೆಬಟ್ಟೆ, ಅದರ ಮೇಲೆ ರಬ್ಬರ್ ಪಟ್ಟಿಯಿಂದ ಇಂಕು ಎಳೆಯುವ ಕೈ, ಬಣ್ಣಕ್ಕೊಂದು ಚೌಕಟ್ಟು, ಬಣ್ಣ ಹೆಚ್ಚಿದಷ್ಟೂ ರೇಟು ಹೆಚ್ಚು. ಇನ್ನೊಂದು ಕಡೆ ಲೇಸರ್. ಬಣ್ಣದ ಲೇಪವಿರುವ ಬಾಟಲಿಯನ್ನು ಅಡಿಗಿಟ್ಟರೆ ಬಿಳಿಯ ಕಿಡಿಯೊಂದು ಅಕ್ಷರದ ಜಾಗದಲ್ಲಿ ಸರಸರ ಓಡಾಡುತ್ತದೆ, ಸುಟ್ಟ ಪೇಂಟಿನ ವಾಸನೆ ಏಳುತ್ತದೆ, ಲೇಪ ಹೋದ ಕಡೆ ಒಳಗಿನ ಸ್ಟೀಲು ಹೊಳೆಯುತ್ತದೆ. ತುಮಕೂರಿನ ಹುಡುಗನ ಗುಂಯ್ ಸದ್ದಿಲ್ಲ, ಜಾಗ ಸಾಲದೆ ಒತ್ತಿ ಕೂತ ಅಕ್ಷರಗಳೂ ಇಲ್ಲ. ಕ್ಯಾರಿಯರಿನ ತಳದಲ್ಲಿ, ಎರಡು ಬೆರಳಗಲ ಮೀರದಂತೆ ಹೆಸರು ಹಾಕಿಸಿ ಯಜಮಾನರ ಮೇಜಿನ ಮೇಲಿಟ್ಟೆ.

ಅವರು ಸುತ್ತ ತಿರುಗಿಸಿ ನೋಡಿದರು. "ಹೆಸರೆಲ್ಲಮ್ಮ?"

"ತಳದಲ್ಲಿದೆ ಸಾರ್. ತೊಳೆಯುವಾಗ ಕಾಣುತ್ತೆ."

ಮಗರಾಯರು ಏನೋ ಹೇಳಲು ಬಾಯಿ ತೆರೆದರು. ಯಜಮಾನರು ಅಷ್ಟರಲ್ಲಿ ಕ್ಯಾರಿಯರನ್ನು ಮಗುಚಿ, ಕನ್ನಡಕ ಹಣೆಗೇರಿಸಿ, ಅಕ್ಷರಗಳ ಮೇಲೆ ಉಗುರು ಆಡಿಸುತ್ತಿದ್ದರು. ಜೀವಮಾನವೆಲ್ಲ ಲೋಹ ಕೊರೆದವರು. "ತಿಕ್ಕಿ ತಿಕ್ಕಿ ಹೋಗಿಬಿಡುತ್ತಲ್ಲ, ಎಷ್ಟು ಮೈಕ್ರಾನ್ ಆಳ ಕೊಡ್ತಾನಂತೆ ಕೇಳಿ" ಎಂದರು. ಗಿಫ್ಟಿನವನು ಫೋನಿನಲ್ಲಿ ಒಂದು ಕ್ಷಣ ಸುಮ್ಮನಾದ. ಇಷ್ಟು ವರ್ಷದಲ್ಲಿ ಯಾರೂ ಇದನ್ನು ಕೇಳಿಲ್ಲ ಮೇಡಮ್, ಮಿಷನ್ ಕಂಪನಿಯವರನ್ನು ವಿಚಾರಿಸಿ ಸೋಮವಾರ ಹೇಳ್ತೀನಿ ಎಂದ.