ಬರಿಗಾಲಲ್ಲಿ ಒಲಿಂಪಿಕ್ಸ್‌ಗೆ

ಗುಂಡ್ಲುಪೇಟೆಯಲ್ಲಿ ಈಗಷ್ಟೇ ನೋಡಿದೆ. ಮಳೆ ನಿಂತ ಮೈದಾನ, ಚಪ್ಪಲಿ ಗುಡ್ಡೆ ಹಾಕಿ ಗೋಲು ಮಾಡ್ಕೊಂಡ ಹುಡುಗರು, ಎಲ್ಲರದ್ದೂ ಬರಿಗಾಲು. ಒಬ್ಬ ಚೆಂಡನ್ನ ಹೆಬ್ಬೆರಳಲ್ಲೇ ತಡೆದು ಪಕ್ಕಕ್ಕೆ ಜಾರಿಸಿದ ನೋಡಿ, ಬೆಂಗಳೂರಿನ ಫುಟ್‌ಬಾಲ್ ಆಟಗಾರ ಅಹ್ಮದ್ ಖಾನ್ ನೆನಪಾದ್ರು.

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಖಾನ್ ಇದ್ದ ನಮ್ಮ ಭಾರತ ತಂಡದಲ್ಲಿ ಹೆಚ್ಚಿನವರು ಆಡಿದ್ದು ಬರಿಗಾಲಲ್ಲೇ. ಫ್ರಾನ್ಸ್ ಎದುರು 2-1ರಲ್ಲಿ ಸೋತ್ವಿ. ಆ ಒಂದು ಗೋಲು ಹೊಡೆದ ರಾಮನ್ ಕೂಡ ಬೆಂಗಳೂರಿನವರು. ಮರುವರ್ಷ ಖಾನ್ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿದ್ರು. ಅಲ್ಲಿ ‘ಪಂಚಪಾಂಡವರು’ ಅಂತಲೇ ಹೆಸರಾದ ಐವರು ಫಾರ್ವರ್ಡ್ ಆಟಗಾರರಲ್ಲಿ ಒಬ್ಬರಾದ್ರು. 1951ರ ಏಷ್ಯನ್ ಗೇಮ್ಸ್ ಚಿನ್ನವನ್ನೂ ಗೆದ್ರು. ತೀರಿಕೊಂಡಿದ್ದು 2017ರಲ್ಲಿ.

ಎಂಥಾ ದೊಡ್ಡ ಆಟಗಾರ! ನಮ್ಮ ಕಡೆ ಮಕ್ಕಳಿಗೆ ಇವರ ಹೆಸರು ಯಾರಾದ್ರೂ ಹೇಳಿದಾರಾ? ಚಾಮರಾಜನಗರದ ಪಿಟಿ ಮೇಷ್ಟ್ರೇ, ನೀವೇ ಹೇಳಿ.