ಕೆಂಪು ಪೆಟ್ಟಿಗೆಯ ಹಣೆಬರಹ

ಊರಿನಲ್ಲಿರುವ ಅಕ್ಕನಿಗೆ ಲಂಡನ್ನಿನಲ್ಲಿ ಬರೆದ ಕಾಗದವನ್ನು ಅಂಚೆಗೆ ಹಾಕಲು ಮರೆತು, ಜೇಬಿನಲ್ಲಿಟ್ಟುಕೊಂಡೇ ನಾನು ಸ್ಕಾಟ್ಲೆಂಡಿನ ಎಡಿನ್‌ಬರೋ ನಗರಕ್ಕೆ ಬಂದಿದ್ದೆ. ಬೀದಿಯ ಮೂಲೆಯಲ್ಲಿ ಅಂಚೆಪೆಟ್ಟಿಗೆಯೇನೋ ಸಿಕ್ಕಿತು. ಬಣ್ಣ ಅದೇ ಕೆಂಪು. ಆದರೆ ಲಂಡನ್ನಿನ ಪೆಟ್ಟಿಗೆಗಳ ಮೇಲೆ ಕಂಡಿದ್ದ 'ಇ.ಆರ್.' ಎಂಬ ಅಕ್ಷರಗಳಾಗಲಿ, ಅವುಗಳ ನಡುವಿನ ರೋಮನ್ ಎರಡಾಗಲಿ ಇಲ್ಲಿರಲಿಲ್ಲ, ಬರಿಯ ಕಿರೀಟವೊಂದಿತ್ತು. ಇದೇಕೆಂದು ವಿಚಾರಿಸಹೊರಟವನಿಗೆ ಒಂದು ಚರಿತ್ರೆಯೇ ತೆರೆದುಕೊಂಡಿತು.

ಕಾದಂಬರಿಕಾರ ಆಂಟನಿ ಟ್ರಾಲಪ್ ಅಂಚೆ ಇಲಾಖೆಯ ನೌಕರನೂ ಆಗಿದ್ದ. ಅವನ ಸಲಹೆಯಂತೆ 1852ರಲ್ಲಿ ಜರ್ಸಿ ದ್ವೀಪದ ಬೀದಿಗಳಲ್ಲಿ ಕಂಬದಂತಹ ಪೆಟ್ಟಿಗೆಗಳನ್ನು ನೆಟ್ಟರು. 1859ರಿಂದ ಅವುಗಳಿಗೆ ಹಸಿರು ಬಣ್ಣ. ಅದು ಜನರ ಕಣ್ಣಿಗೆ ಬೀಳದ ಕಾರಣ 1874ರಿಂದ ಕೆಂಪು. ಎರಕ ಹೊಯ್ದ ಕಾಲದಲ್ಲಿ ಪಟ್ಟದಲ್ಲಿದ್ದವರ ಹೆಸರಿನ ಮೊದಲಕ್ಷರ ಪೆಟ್ಟಿಗೆಯ ಮೇಲಿರುವುದು ವಾಡಿಕೆ. 'ಆರ್' ಎಂದರೆ ಲ್ಯಾಟಿನ್ನಿನಲ್ಲಿ ರಾಜ ಅಥವಾ ರಾಣಿ. ದೊರೆ ಬದಲಾದನೆಂದು ಹಳೆಯ ಪೆಟ್ಟಿಗೆಯನ್ನು ಕೀಳುವುದಿಲ್ಲ. ಆದುದರಿಂದಲೇ ವಿಕ್ಟೋರಿಯಾ ರಾಣಿಯ ಪೆಟ್ಟಿಗೆಯೂ 2024ರಲ್ಲಿ ಮೊದಲು ಕಾಣಿಸಿದ ಮೂರನೆಯ ಚಾರ್ಲ್ಸನ ಪೆಟ್ಟಿಗೆಯೂ ಇಂದು ಒಂದೇ ಕೆಲಸ ಮಾಡುತ್ತಿವೆ. ಐರ್ಲೆಂಡಿನವರು 1922ರಲ್ಲಿ ಸ್ವತಂತ್ರರಾದ ಮೇಲೆ ಪೆಟ್ಟಿಗೆಗಳಿಗೆ ಹಸಿರು ಬಳಿದರು. ಕೆಳಗಿನ ಅಕ್ಷರಗಳನ್ನು ಹಾಗೆಯೇ ಬಿಟ್ಟರು.

ಸ್ಕಾಟರು ಬಿಡಲಿಲ್ಲ. ಮೊದಲನೆಯ ಎಲಿಜಬೆತ್ ಎಂದೂ ಅವರನ್ನು ಆಳಿದವಳಲ್ಲ. ಮೊದಲನೆಯವಳೇ ಇಲ್ಲದ ನಾಡಿಗೆ ಎರಡನೆಯವಳು ಹೇಗೆ ಬಂದಾಳು? 1952ರ ನವೆಂಬರಿನಲ್ಲಿ ಎಡಿನ್‌ಬರೋದ ಇಂಚ್ ಬಡಾವಣೆಯಲ್ಲಿ ಹೊಸ ಮುದ್ರೆಯ ಪೆಟ್ಟಿಗೆಯನ್ನು ನಿಲ್ಲಿಸಿದರು. ಅದಕ್ಕೆ ಡಾಂಬರು ಬಳಿದರು, ಸುತ್ತಿಗೆಯಿಂದ ಬಡಿದರು. 1953ರ ಫೆಬ್ರವರಿಯಲ್ಲಿ ಸಿಡಿಮದ್ದಿಟ್ಟು ಒಡೆದೇಬಿಟ್ಟರು! ಆಮೇಲೆ ರಾಣಿಯ ಕಾಲದಲ್ಲಿ ಅಲ್ಲಿಗೆ ಬಂದ ಹೊಸ ಪೆಟ್ಟಿಗೆಗಳಿಗೆ ಸ್ಕಾಟ್ಲೆಂಡಿನ ಕಿರೀಟವೊಂದೇ ಲಾಂಛನವಾಯಿತು.

ಒಂದೆರಡು ಅಕ್ಷರಕ್ಕೆ ಇಷ್ಟು ರಂಪವೇ ಎಂದು ನಗು ಬಂತು. ನಗುತ್ತಲೇ ಕಾಗದವನ್ನು ಹೊರತೆಗೆದೆ. ಲಕೋಟೆಯ ಮೇಲೆ ಅಕ್ಕನ ಹೆಸರಿನ ಹಿಂದೆ, ಮದುವೆಯಾಗಿ ನಲವತ್ತು ವರ್ಷ ಕಳೆದರೂ, ನಾನು ತವರಿನ ಅಕ್ಷರವನ್ನೇ ಬರೆದಿದ್ದೆ. ಭಾವನವರಿಗೆ ಅದು ಹಿಡಿಸದು, ನಾನೂ ಬಿಟ್ಟವನಲ್ಲ. ಒಮ್ಮೆ ಅವಸರದಲ್ಲಿ ಆ ಅಕ್ಷರ ತಪ್ಪಿಹೋದಾಗ, "ನನ್ನನ್ನು ಮನೆಯಿಂದ ಹೊರಗೆ ಹಾಕಿದೆಯೇನೋ?" ಎಂದು ಅಕ್ಕ ಬರೆದಿದ್ದಳು.

ನನ್ನ ನಗು ಅಲ್ಲಿಗೇ ನಿಂತಿತು. ಅಕ್ಷರ ಸರಿಯಾಗಿದೆಯೆಂದು ಇನ್ನೊಮ್ಮೆ ನೋಡಿಕೊಂಡು, ಕಾಗದವನ್ನು ಪೆಟ್ಟಿಗೆಯೊಳಗೆ ಬಿಟ್ಟೆ.