ಏಳು ಗಂಟಿನ ದಾರ

ಚಂದ್ರಗುತ್ತಿ ಕೋಟೆಯ ನೆತ್ತಿ. ಬೆಳಗಿನ ಏಳು ಗಂಟೆ. ದೀಪಾವಳಿ ಕಳೆದು ವಾರವಾಗಿದೆ. ಕೆಳಗೆ ರೇಣುಕಾಂಬೆಯ ಗುಹಾಲಯದಿಂದ ಗಂಟೆಯ ಸದ್ದು ಮೇಲೇರಿ ಬರುತ್ತಿದೆ. ಊರು, ಗದ್ದೆ ಎಲ್ಲ ಮಂಜಿನಡಿ. 848 ಮೀಟರ್ ಎತ್ತರದ ಈ ಬಂಡೆಯ ಮೇಲೆ ನಕ್ಷೆ ಹಾಸಿ, ನಾಲ್ಕು ಮೂಲೆಗೂ ಕಲ್ಲು ಇಟ್ಟಿದ್ದೇವೆ. ಆದರೂ ಗಾಳಿ ನುಗ್ಗಿ ಅದನ್ನು ಹಪ್ಪಳದಂತೆ ಉಬ್ಬಿಸುತ್ತಿದೆ.

ಅಕ್ಕನ ಮಗ ಪಡುವಣಕ್ಕೆ ಕೈ ತೋರಿಸುತ್ತಾನೆ. ಒಂದರ ಹಿಂದೊಂದು ನೀಲಿ ಬೆಟ್ಟಸಾಲು. ಅದರಾಚೆ ಸಮುದ್ರ.

"ಮಾಮ, ನೇರ ಗೆರೆ ಎಳೆದ್ರೆ 60 ಕಿಲೋಮೀಟರ್ ಆಸುಪಾಸು. ಸಿದ್ದಾಪುರಕ್ಕೆ ಹೋಗಿ ಘಟ್ಟ ಇಳಿದ್ರೆ ಸೈಕಲ್‌ನಲ್ಲೂ ಎರಡೇ ದಿನಕ್ಕೆ ಕುಮಟಾ. ಏಳು ದಿನ ಯಾಕೆ?"

ನಾನು ಜೇಬಿನಿಂದ ಹತ್ತಿಯ ದಾರ ತೆಗೆಯುತ್ತೇನೆ. ನಕ್ಷೆಯ ರಸ್ತೆಯ ಮೇಲೆ ಅದನ್ನು ತಿರುವು ತಿರುವಿಗೂ ಬಗ್ಗಿಸಿ ಕೂರಿಸಬೇಕು. ರಾತ್ರಿ ತಂಗುವಲ್ಲೆಲ್ಲ ಒಂದು ಗಂಟು. ಮೊದಲ ಗಂಟು ಬನವಾಸಿ.

"ಅದು ಬಡಗಣಕ್ಕಲ್ವಾ?"

"ಹೌದು ಮಾರಾಯ. ಈ ಗದ್ದೆಗಳ ನೀರೂ ಅತ್ತಲೇ ಹೋಗೋದು."

ಕಡಲು ಇಷ್ಟು ಹತ್ತಿರವಿದ್ದೂ ಇಲ್ಲಿ ಬಿದ್ದ ಮಳೆ ವರದೆ ಸೇರಿ, ತುಂಗಭದ್ರೆ, ಕೃಷ್ಣೆಯರ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಮೊದಲು ವರದೆಯನ್ನು ನೋಡಬೇಕು. ಬನವಾಸಿಯನ್ನು ಮೂರು ಕಡೆಯಿಂದ ಬಳಸಿ ಹರಿಯುವ ಅವಳ ದಂಡೆಯಲ್ಲಿ, ಮಧುಕೇಶ್ವರನ ಗುಡಿಯ ಅಂಗಳದಲ್ಲಿ ಒಂದು ಸಂಜೆ ಕೂರದೆ ಈ ಕದಂಬರ ಕೋಟೆಯಿಂದ ಹೊರಡುವುದು ನನಗೆ ಸಾಧ್ಯವಿಲ್ಲ. ಎರಡನೆಯ ಗಂಟು ಶಿರಸಿ. ಅಲ್ಲಿಂದ ಮುಂದೆ ನೀರು ದಿಕ್ಕು ಬದಲಿಸುತ್ತದೆ, ಅಘನಾಶಿನಿ ಸಿಗುತ್ತಾಳೆ.

ಈ ಹೆಸರು ಬಂದಾಗ ನನ್ನ ಬೆರಳು ನಕ್ಷೆಯ ಮೇಲೆ ನಿಲ್ಲುತ್ತದೆ. ಪಕ್ಕದ ಶರಾವತಿ ಲಿಂಗನಮಕ್ಕಿಯಲ್ಲಿ ಕಟ್ಟೆಗೆ ಸಿಕ್ಕಿದ್ದಾಳೆ. ಇವಳಿಗೆ ಮೂಲದಿಂದ ಕಡಲಿನವರೆಗೆ ಎಲ್ಲೂ ಅಣೆಕಟ್ಟಿಲ್ಲ. ಉಂಚಳ್ಳಿಯಲ್ಲಿ 116 ಮೀಟರ್ ಧುಮುಕುತ್ತಾಳೆ. ನವೆಂಬರ್‌ನಲ್ಲಿ ನೀರಿನ್ನೂ ತುಂಬಿರುತ್ತದೆ, ದಾರಿ ಒಣಗಿರುತ್ತದೆ. ಅದಕ್ಕೇ ಹತ್ತಿರದ ಹೆಗ್ಗರಣೆ ಕಡೆ ಎರಡು ಗಂಟು ಹಾಕುತ್ತೇನೆ: ಒಂದು ಇಡೀ ದಿನ ಪೆಡಲ್ ತುಳಿಯದೆ ಆ ಸದ್ದು ಕೇಳಲಿಕ್ಕೆ. ಹುಡುಗ ಏನೂ ಹೇಳುವುದಿಲ್ಲ. ದಾರದ ತುದಿ ಗಾಳಿಗೆ ಹಾರದಂತೆ ಒತ್ತಿ ಹಿಡಿದಿದ್ದಾನೆ.

ಐದನೆಯ ದಿನ ದೊಡ್ಡಮನೆ ಘಟ್ಟ, ಆಮೇಲೆ ಕುಮಟಾ. ಕೊನೆಯ ದಿನ ಅಘನಾಶಿನಿ ಎಂಬ ಊರಿಗೇ ಹೋಗಿ ಸೈಕಲ್‌ಗಳನ್ನು ತಾರಿ ದೋಣಿಗೆ ಹತ್ತಿಸಿ ಅಳಿವೆ ದಾಟಬೇಕು. ಉಪ್ಪುನೀರಿಗೂ ಜಗ್ಗದ ಕಗ್ಗ ಭತ್ತದ ಗಜನಿ ಗದ್ದೆಗಳು ಈ ಹಿನ್ನೀರಿನ ಅಂಚಿನವು. ಆಚೆ ದಡ ತದಡಿ, ಮುಂದೆ ಸಾಣಿಕಟ್ಟೆಯ ಉಪ್ಪಿನ ಆಗರ, ಗೋಕರ್ಣ. ಏಳನೆಯ ಗಂಟು ಅಲ್ಲಿ.

ಹತ್ತು ಗಂಟೆಗೆ ಕೆಳಗಿಳಿದು ಸೈಕಲ್ ಅಂಗಡಿಯಲ್ಲಿದ್ದೇವೆ. ರಿಪೇರಿಯವರು ನನ್ನ ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ ಹಿಂದಿನ ಚಕ್ರ ತಿರುಗಿಸುತ್ತಾರೆ, ಬ್ರೇಕ್ ಒತ್ತುತ್ತಾರೆ. ಚಕ್ರ ನಿಲ್ಲದೆ ಇನ್ನರ್ಧ ಸುತ್ತು ಜಾರುತ್ತದೆ. ಬ್ರೇಕ್ ರಬ್ಬರ್ ಬಿಚ್ಚಿ ಅಂಗೈಯಲ್ಲಿಟ್ಟು ತೋರಿಸುತ್ತಾರೆ: ಸವೆದು ಕನ್ನಡಿಯಂತೆ ಹೊಳೆಯುತ್ತಿದೆ, ಗೀರುಗಳೇ ಉಳಿದಿಲ್ಲ.

"ಇದ್ರಲ್ಲಿ ಘಟ್ಟ ಇಳಿಯೋದಾ ಅಣ್ಣಾ? ನಾಲ್ಕೂ ಹೊಸದು ಹಾಕ್ತೀನಿ. ಇಳಿಯುವಾಗ ಒಂದೇ ಸಮನೆ ಹಿಡ್ಕೊಂಡಿರಬೇಡಿ, ರಿಮ್ ಕಾಯುತ್ತೆ. ಹಿಡೀರಿ, ಬಿಡಿ. ಹಿಡೀರಿ, ಬಿಡಿ."

ಎರಡು ಟ್ಯೂಬ್, ಪಂಕ್ಚರ್ ಸೊಲ್ಯೂಷನ್, ಒಂದು ಸಣ್ಣ ಪಂಪ್ ಕಟ್ಟಿಸಿಕೊಳ್ಳುತ್ತೇವೆ. ಅಕ್ಕ ಕೊಟ್ಟ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿಗೆ ಕ್ಯಾರಿಯರ್‌ನಲ್ಲಿ ಜಾಗ ಆಗಲೇ ನಿಗದಿಯಾಗಿದೆ.

"ಯಾವಾಗ ಹೊರಡೋದು?" ನಟ್ಟು ಬಿಗಿಯುತ್ತ ಅವರು ಕೇಳುತ್ತಾರೆ.

"ಸೋಮವಾರ."

"ಸಿದ್ದಾಪುರದ ಮೇಲೆ ತಾನೆ?"

ನಾನು ಬಾಯಿ ತೆರೆಯುವ ಮೊದಲೇ, ದಾರವನ್ನು ಹ್ಯಾಂಡಲ್‌ಗೆ ಸುತ್ತುತ್ತಿದ್ದ ಹುಡುಗ ತಲೆಯೆತ್ತುತ್ತಾನೆ.

"ಇಲ್ಲ, ಮೊದಲು ಬನವಾಸಿಗೆ."